ಮೈಮುನಾಬಿಯ ಕಣದಲ್ಲಿ ಅಡ್ಡಮಳೆ

ಬ್ಯಾಡಗಿ
೨೩ ನವೆಂಬರ್ ೨೦೨೫

ಪುಷ್ಪಾ,

ಪಂಚಮಿಗೆ ತವರಿಗೆ ಹೋಗಿ ನಾಲ್ಕು ದಿನದಲ್ಲಿ ಬರುತ್ತೇನೆ ಎಂದವಳು ನೀನು. ಪಂಚಮಿ ಹೋಯಿತು, ದಸರಾ ಹೋಯಿತು, ದೀಪಾವಳಿಯೂ ಹೋಯಿತು. ನಿನಗೆ ಫೋನ್ ಹಚ್ಚಿದರೆ ರಿಂಗ್ ಆಗುತ್ತದೆ, ನೀನು ಎತ್ತುವುದಿಲ್ಲ. ನಿನ್ನ ತಮ್ಮ ಮಲ್ಲೇಶಪ್ಪನಿಗೆ ಹಚ್ಚಿದರೆ "ಅಕ್ಕ ಆರಾಮ ಅದಾಳ್ರಿ, ಈಗ ಮಲಗ್ಯಾಳ್ರಿ" ಅನ್ನುತ್ತಾನೆ. ಈ ಕಣದಲ್ಲಿ ಜೊತೆಗೆ ಇದ್ದು ದುಡಿದ ಇಷ್ಟು ವರ್ಷದಲ್ಲಿ ಹಾಡಹಗಲು ಮಲಗುವ ಪುಷ್ಪಲತಾಳನ್ನು ನಾನಂತೂ ಕಂಡಿಲ್ಲ. ಅದಕ್ಕೇ ಈ ಪತ್ರ. ಏಳನೇ ತರಗತಿ ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪು ಕಂಡರೆ ನಗು, ಆದರೆ ಪೂರ್ತಿ ಓದು.

ಈ ಚಳಿಗಾಲ ಸರಿಯಿಲ್ಲವಂತೆ. ಬಂಗಾಳ ಕೊಲ್ಲಿಯಲ್ಲಿ ಒಂದರ ಹಿಂದೆ ಒಂದು ವಾಯುಭಾರ ಕುಸಿತ ಏಳುತ್ತದೆ, ಡಿಸೆಂಬರ್ ಜನವರಿಯಲ್ಲಿ ಅಡ್ಡಮಳೆ ಹೊಡೆಯುತ್ತದೆ ಎಂದು ಟಿವಿಯಲ್ಲಿ ದಿನವೂ ಹೇಳುತ್ತಿದ್ದಾರೆ. ಅದೇ ಹೊತ್ತಿಗೆ ನಮ್ಮ ಕಣದ ತುಂಬ ಹಸಿ ಮೆಣಸಿನಕಾಯಿ ಒಣಗುತ್ತಿರುತ್ತದೆ. ಹೋದ ವರ್ಷದ ಮಳೆ ನಿನಗೆ ಮರೆತಿರಲಿಕ್ಕಿಲ್ಲ. ರಾಶಿ ಮುಚ್ಚಲು ತಾಡಪತ್ರಿಯ ಆ ತುದಿ ನೀನು, ಈ ತುದಿ ನಾನು ಹಿಡಿದು ಓಡಿದೆವು, ನೀನು ದಾರಿಯುದ್ದಕ್ಕೂ ನನ್ನನ್ನು ಬೈದೆ. ಅಷ್ಟು ಮಾಡಿಯೂ ಮೂಲೆಯ ರಾಶಿ ನೆನೆದು ಕಪ್ಪಾಯಿತು. ಕಣವಿಲ್ಲದ ರೈತರು ನಮ್ಮನ್ನು ನಂಬಿ ಮಾಲು ತಂದು ಸುರಿಯುತ್ತಾರೆ. ಈ ಸಲವೂ ಕೆಟ್ಟರೆ ಅವರು ಬೇರೆ ಕಣ ಹುಡುಕುತ್ತಾರೆ. ನಮ್ಮವರು ರಮಜಾನಸಾಬರು ಬಿಟ್ಟುಹೋದ ಈ ಕಣಕ್ಕೆ ನಾನೇ ಬೀಗ ಹಾಕಬೇಕಾಗುತ್ತದೆ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಆಗಲೇ ಬಂದು ಕೇಳುತ್ತಿದ್ದಾರೆ. "ಈ ವರ್ಷ ಕೆಲಸ ಐತೇನ್ರಿ?" ಎಂದು ಚೌಡವ್ವ ನಿನ್ನೆ ಕೇಳಿದಳು. ಐತಿ ಎಂದೆ.

ನಮ್ಮವರು ತೀರಿಕೊಂಡ ವರ್ಷವೂ ಕಣ ನಡೆದದ್ದು ನಿನ್ನಿಂದ. ಸಂಜೆ ರಾಶಿಯೊಳಗೆ ಮೊಳಕೈವರೆಗೆ ಕೈ ಹಾಕಿ, ಇದು ಬೆವರಿದೆ, ಇದು ಬೆವರಿಲ್ಲ ಎಂದು ಹೇಳುತ್ತಿದ್ದವಳು ನೀನು. ನನ್ನ ಕೈಗೆ ಎಲ್ಲವೂ ಒಂದೇ ಥರ ಬೆಚ್ಚಗೆ.

ಮೊದಲ ಕೊಯ್ಲು ಬರಲು ಇನ್ನು ಹೆಚ್ಚು ದಿನವಿಲ್ಲ. ಯಾವಾಗ ಬರುತ್ತೀ ಬರೆ. ಒಂದು ಗಂಟೆಯ ದಾರಿ, ನಾನೇ ಬರಬಹುದಿತ್ತು. ಆದರೆ ಕರೆಯದೆ ಹೋಗುವವಳು ನಾನಲ್ಲ ಎಂದು ನಿನಗೆ ಗೊತ್ತು.

ನಿನ್ನ ದಾರಿ ನೋಡುತ್ತಿರುವ
ಮೈಮುನಾಬಿ


ರಾಣೆಬೆನ್ನೂರು
೧ ಡಿಸೆಂಬರ್ ೨೦೨೫

ಮೈಮುನಕ್ಕಾ,

ಪತ್ರ ಸಿಕ್ಕಿತು. ತಪ್ಪು ಹುಡುಕಿದೆ, ಹೆಚ್ಚು ಸಿಗಲಿಲ್ಲ. ನನ್ನ ಫೋನ್ ಕೆಟ್ಟಿದೆ, ಮಾತಾಡಿದರೆ ಆಚೆ ಕೇಳಿಸುವುದಿಲ್ಲ.

ಈಗ ನನಗೆ ಬರಲಾಗುವುದಿಲ್ಲ. ತಮ್ಮನ ಮನೆಯಲ್ಲಿ ಕೆಲಸವಿದೆ. ಏನು ಕೆಲಸ ಎಂದು ಕೇಳಬೇಡ.

ಮಳೆಗೆ ಮುಂಚೆ ಮಾಡಬೇಕಾದ್ದನ್ನು ಹೇಳುತ್ತೇನೆ. ಕಣದ ಸುತ್ತ ಕಾಲುವೆ ತೋಡಿಸು, ನೀರು ರಸ್ತೆಯ ಕಡೆ ಹೋಗಲಿ. ರಾಶಿಯನ್ನು ಗೋಡೆಯ ಮಗ್ಗುಲಿನ ಎತ್ತರದ ಜಾಗಕ್ಕೆ ಸೇರಿಸು. ಬರಿ ತಾಡಪತ್ರಿ ಹೊದಿಸಬೇಡ. ಮೊದಲು ಕಂಬಳಿ, ಆಮೇಲೆ ಬಿದಿರಿನ ಗಳ ಕೊಟ್ಟು ಅದರ ಮೇಲೆ ತಾಡಪತ್ರಿ. ಎರಡು ಕಡೆ ತುದಿ ತೆರೆದಿರಲಿ. ಹಸಿ ಕಾಯಿ ಉಸಿರಾಡುತ್ತದೆ ಅಕ್ಕಾ, ಅದರ ಬೆವರನ್ನು ಕಂಬಳಿ ಕುಡಿಯಬೇಕು. ಮಳೆ ಸ್ವಲ್ಪ ನಿಂತರೂ ಬಿಚ್ಚಿ ಗಾಳಿ ಕೊಡು.

ಉಣ್ಣುವುದನ್ನು ಮರೆಯಬೇಡ. ನೀನು ಒಬ್ಬಳೇ ಇದ್ದರೆ ಒಲೆ ಹಚ್ಚುವುದಿಲ್ಲ.

ನಿನ್ನ
ಪುಷ್ಪಲತಾ


ಬ್ಯಾಡಗಿ
೮ ಡಿಸೆಂಬರ್ ೨೦೨೫

ಪುಷ್ಪಾ,

ಏನು ಕೆಲಸ ಎಂದು ಕೇಳಬೇಡ ಅಂದೆಯಲ್ಲ, ಕೇಳುವುದಿಲ್ಲ. ಆದರೆ ಸಿಟ್ಟು ಬಂದಿದೆ ಎಂದು ಹೇಳಲೇಬೇಕು. ಬರಲಿಕ್ಕೆ ಆಗದವಳು ದೂರ ಕೂತು ಕಂಬಳಿ ಹಾಕು, ಗಳ ಕೊಡು ಎಂದು ಬರೆಯುವುದು ಬಹಳ ಸುಲಭ. ನನ್ನ ಮೇಲೆ ಬೇಸರವಿದ್ದರೆ ನೇರವಾಗಿ ಹೇಳು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವರು ನಾವು, ಸುತ್ತಿ ಬಳಸಿ ಮಾತಾಡುವುದು ಯಾಕೆ.

ಕಾಗಿನೆಲೆಯ ಫಕ್ಕೀರಪ್ಪ ಮೊದಲ ಕೊಯ್ಲಿನ ಮಾಲು ತಂದು ಸುರಿದಿದ್ದಾನೆ. ಎಂಥ ಕಾಯಿ ಗೊತ್ತಾ, ನೆರಿಗೆ ನೆರಿಗೆ, ಕೈಯಲ್ಲಿ ಹಿಡಿದರೆ ಬಣ್ಣ ಅಂಟುತ್ತದೆ. "ಹ್ವಾದ ವರ್ಷದ್ದು ಹ್ವಾತು ಬಿಡ್ರಿ. ಈ ಸಲ ನಿಮ್ಮನ್ನ ನಂಬೇನಿ" ಎಂದು ಹೇಳಿಹೋದ. ಆ ಮಾತು ಕೇಳಿದಾಗಿನಿಂದ ಒಂದು ಮೋಡ ಕಂಡರೂ ನಾನು ತಾಡಪತ್ರಿಯ ಕಡೆ ಓಡುತ್ತೇನೆ.

ನನ್ನ ತಂಗಿಯ ಮಗ ತೌಸಿಫ್ ಹಾವೇರಿಯಿಂದ ಬಂದಿದ್ದ. ದಪ್ಪನೆಯ ಹೊಸ ತಾಡಪತ್ರಿ ತಂದುಕೊಟ್ಟ, ಮೊಬೈಲಿನಲ್ಲಿ ಹವಾಮಾನ ತೋರಿಸುವುದನ್ನು ಹಾಕಿಕೊಟ್ಟ. "ಖಾಲಾ, ಇದರಾಗ ಒಂದ ಹನಿ ಒಳಗ ಹೋಗೂದಿಲ್ಲ. ಕಂಬಳಿ ಪಂಬಳಿ ಏನೂ ಬ್ಯಾಡ" ಎಂದ. ನನಗೂ ಹಾಗೇ ಅನ್ನಿಸಿತು. ಕಾಲುವೆ ಮಾತ್ರ ನೀನು ಹೇಳಿದ ಹಾಗೇ ತೋಡಿಸಿದ್ದೇನೆ. ಅಷ್ಟರ ಮಟ್ಟಿಗೆ ನಿನ್ನ ಮಾತು ನಡೆದಿದೆ.

ಐದು ಗಂಟೆಗೆ ಹೆಣ್ಣುಮಕ್ಕಳು ಕೈ ತೊಳೆದುಕೊಂಡು ಹೊರಟುಬಿಡುತ್ತಾರೆ. ಆಮೇಲೆ ಇಷ್ಟು ದೊಡ್ಡ ಕಣದಲ್ಲಿ ನಾನೊಬ್ಬಳೇ. ನಿನ್ನ ಖೋಲಿಯ ಬಾಗಿಲು ತೆರೆದು ಕಸ ಗುಡಿಸಿ ಮತ್ತೆ ಹಾಕುತ್ತೇನೆ. ಚಹಾ ಮಾಡಿದರೆ ಅಭ್ಯಾಸಬಲದಿಂದ ಎರಡು ಕಪ್ ಆಗುತ್ತದೆ, ಎರಡನ್ನೂ ನಾನೇ ಕುಡಿಯುತ್ತೇನೆ. ಸಂಜೆ ಮಗ್ರಿಬ್ ಆಜಾನ್ ಆಗುವಾಗ ಬಹಳ ಬೇಸರವಾಗುತ್ತದೆ. ಆ ಹೊತ್ತಿಗೆ ನೀನು ಏನಾದರೂ ಒಂದು ತಗಾದೆ ತೆಗೆಯುತ್ತಿದ್ದೆ.

ಮೈಮುನಾಬಿ


ಬ್ಯಾಡಗಿ
೧೬ ಡಿಸೆಂಬರ್ ೨೦೨೫

ಪುಷ್ಪಾ,

ನಿನ್ನಿಂದ ಉತ್ತರವಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಇವತ್ತು ನನಗೆ ಜಂಬ ಬಂದಿದೆ. ಅದನ್ನು ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ.

ಶನಿವಾರದಿಂದ ಮೊಬೈಲು ಮಳೆ ಮಳೆ ಎಂದು ಬಡಿದುಕೊಳ್ಳುತ್ತಿತ್ತು. ಇಡೀ ರಾಶಿಯನ್ನು ಒಂದೆಡೆ ಸೇರಿಸಿ ಹೊಸ ತಾಡಪತ್ರಿ ಎಳೆದು, ನಾಲ್ಕೂ ಕಡೆ ಹಗ್ಗ ಬಿಗಿದು, ಅಂಚಿನ ಮೇಲೆ ಕಲ್ಲು ಹೇರಿಸಿದೆ. ಇಲಿ ಕೂಡ ಒಳಗೆ ನುಸುಳುವ ಹಾಗಿಲ್ಲ. ಅವತ್ತಿನಿಂದ ಮೋಡ ಮುಚ್ಚಿಕೊಂಡಿದೆ, ಬೆಳಿಗ್ಗೆ ದಟ್ಟ ಮಂಜು, ಬಿಸಿಲಿನ ಸುಳಿವಿಲ್ಲ, ಥಂಡಿ ಗಾಳಿ. ಮಳೆ ಮಾತ್ರ ನಾಲ್ಕು ಹನಿ ಬಿದ್ದು ಸುಮ್ಮನಾಯಿತು. ಪಕ್ಕದ ಕಣದವರು ಮುಚ್ಚುವುದು ಬಿಚ್ಚುವುದು ಮಾಡಿ ಸೋತುಹೋದರು. ನಾನು ಕಟ್ಟಿದ್ದನ್ನು ಮುಟ್ಟಿಯೇ ಇಲ್ಲ. ಮೊಬೈಲು ಇನ್ನೂ ಮಳೆ ತೋರಿಸುತ್ತಿದೆ, ಪೂರ್ತಿ ಹೋದ ಮೇಲೆ ಒಂದೇ ಸಲ ಬಿಚ್ಚುತ್ತೇನೆ.

ನೀನಿಲ್ಲದೆಯೂ ನಡೆಯುತ್ತದೆ ನೋಡು. ಹೀಗೆ ಬರೆದು ನಿನಗೆ ಸಿಟ್ಟು ಬರಿಸಿದರೆ ಬಸ್ ಹತ್ತಿ ಬರುತ್ತೀಯೇನೋ ಎಂಬ ಆಸೆ ಅಷ್ಟೇ.

ಮೈಮುನಾಬಿ


ಬ್ಯಾಡಗಿ
೨೧ ಡಿಸೆಂಬರ್ ೨೦೨೫

ಪುಷ್ಪಾ,

ಮೊನ್ನೆ ಮಧ್ಯಾಹ್ನ ನಿನ್ನ ಫೋನ್ ಬಂತು. ನಾನು ಓಡಿಹೋಗಿ ಎತ್ತಿದೆ. ನಿನ್ನನ್ನು ಬೈಯಬೇಕು ಎಂದು ಇಷ್ಟು ದಿನ ಕೂಡಿಟ್ಟ ಮಾತೆಲ್ಲ ಬಾಯಿಗೆ ಬಂದಿತ್ತು. ಆಚೆಯಿಂದ ಕೆಮ್ಮು ಕೇಳಿಸಿತು. ಯಾರೋ ಮುದುಕಿಯ ಕೈಗೆ ಫೋನ್ ಕೊಟ್ಟಿದ್ದಾರೆ ಎಂದುಕೊಂಡೆ. "ಯಾರ್ರೀ?" ಎಂದು ಕೇಳಿದೆ. ಆ ಕೆಮ್ಮಿನ ನಡುವೆ "ಬಿಚ್ಚು ಅಕ್ಕಾ" ಎಂದೆ ನೀನು. ಮತ್ತೆ ಕೆಮ್ಮು. ಇನ್ನೊಮ್ಮೆ "ಬಿಚ್ಚು" ಎಂದೆ, ಫೋನ್ ಹೋಯಿತು.

ಬಿಚ್ಚಿದೆ. ಹಗ್ಗ ಸಡಿಲಿಸಿ ತಾಡಪತ್ರಿ ಎತ್ತಿದ ಕೂಡಲೇ ಅನ್ನದ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ಹೊಡೆಯಿತು. ಮೇಲಿನ ಕಾಯಿ ಒದ್ದೆ, ಒಳಗಿನದು ಸುಡುತ್ತಿತ್ತು. ನಡುವೆ ಎಲ್ಲ ಬಿಳಿ ಬೂಷ್ಟು, ಹುಳಿ ವಾಸನೆ. ಹೊರಗಿನಿಂದ ಒಂದು ಹನಿ ಹೋಗಿರಲಿಲ್ಲ, ತೌಸಿಫ್ ಹೇಳಿದ್ದು ನಿಜ. ಒಳಗಿನ ನೀರಿಗೆ ಹೊರಗೆ ಹೋಗಲು ನಾನೇ ದಾರಿ ಬಿಟ್ಟಿರಲಿಲ್ಲ. ನೀನು ಬರೆದು ತಿಳಿಸಿದ್ದೆ, ನಾನು ಹಟಕ್ಕೆ ಮಾಡಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಾಲನ್ನು ಊರ ಹೊರಗೆ ಸುರಿಸಿ ಬಂದೆವು.

ಫಕ್ಕೀರಪ್ಪ ಬಂದು ನೋಡಿದ. ಬೈದಿದ್ದರೆ ಚೆನ್ನಾಗಿತ್ತು. "ನೀವರ ಏನ ಮಾಡ್ತೀರಿ, ಒಬ್ಬಾಕಿ ಅದೀರಿ" ಎಂದ. ಒಂದು ಕಾಯಿ ಎತ್ತಿಕೊಂಡು ಮುರಿದು ನೋಡಿ, ಅಂಗಿಯ ಕಿಸೆಗೆ ಹಾಕಿಕೊಂಡು ಹೋದ. ಎರಡನೇ ಕೊಯ್ಲು ತರುತ್ತೇನೆ ಎಂದು ಹೇಳಲಿಲ್ಲ.

ಅದಿರಲಿ. ಆ ಕೆಮ್ಮು ಯಾವಾಗಿನಿಂದ? ಇಲ್ಲಿದ್ದಾಗಲೂ ನೀನು ಕೆಮ್ಮುತ್ತಿದ್ದೆ. ನಾನೂ ಕೆಮ್ಮುತ್ತೇನೆ, ಚೌಡವ್ವನೂ ಕೆಮ್ಮುತ್ತಾಳೆ. ಬ್ಯಾಡಗಿಯಲ್ಲಿ ಕೆಮ್ಮು ಸೀನನ್ನು ಯಾರು ಲೆಕ್ಕಕ್ಕಿಡುತ್ತಾರೆ. ಆದರೆ ಮೊನ್ನೆ ಕೇಳಿದ್ದು ಬೇರೆ ಥರದ್ದು. ನಿನ್ನ ಫೋನ್ ಕೆಟ್ಟಿಲ್ಲ ಪುಷ್ಪಾ. ಏನು ಮುಚ್ಚಿಟ್ಟಿದ್ದೀ, ಬರೆ. ನನಗೆ ಹೆದರಿಕೆಯಾಗಿದೆ.

ನಿನ್ನ
ಮೈಮುನಕ್ಕ


ರಾಣೆಬೆನ್ನೂರು
೨೭ ಡಿಸೆಂಬರ್ ೨೦೨೫

ಮೈಮುನಕ್ಕಾ,

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪಂಚಮಿಗೆ ಬಂದವಳಿಗೆ ಇಲ್ಲಿ ಉಸಿರು ಸಿಕ್ಕಿಹಾಕಿಕೊಂಡಿತು. ಮಲ್ಲೇಶಪ್ಪ ದವಾಖಾನೆಗೆ ಕರೆದೊಯ್ದ. ಇಷ್ಟು ವರ್ಷದ ಖಾರದ ಧೂಳಿಗೆ ಪುಪ್ಪುಸ ಸೋತಿದೆ, ಇನ್ನು ಮೇಲೆ ಮೆಣಸಿನಕಾಯಿ ಇರುವ ಕಡೆ ಸುಳಿಯಬಾರದು ಎಂದು ಡಾಕ್ಟರು ಹೇಳಿದರು. ಬಾಯಿಗೆ ಹಿಡಿದು ಎಳೆದುಕೊಳ್ಳುವ ಔಷಧದ ಪಂಪು ಕೊಟ್ಟಿದ್ದಾರೆ. ಖಾರ ಸೋಕದಿದ್ದರೆ ಆರಾಮ ಇರುತ್ತೇನೆ. ಈ ಮನೆಯಲ್ಲಿ ನನ್ನ ಸಲುವಾಗಿ ಒಗ್ಗರಣೆಗೂ ಮೆಣಸಿನಕಾಯಿ ಹಾಕುವುದಿಲ್ಲ. ಪಾಪ, ಸಪ್ಪೆ ಸಾರು ಉಣ್ಣುತ್ತಾರೆ.

ನಿನಗೆ ಹೇಳಲಿಲ್ಲ, ಯಾಕೆಂದರೆ ಹೇಳಿದ ದಿನವೇ ನೀನು ಕಣ ಮುಚ್ಚಿ ಇಲ್ಲಿಗೆ ಬಂದು ಕೂರುತ್ತೀ. ನಿನ್ನ ಸಿಟ್ಟೂ ನನಗೆ ಗೊತ್ತು, ಪ್ರೀತಿಯೂ ಗೊತ್ತು. ಎರಡಕ್ಕೂ ಹಿಂದೆಮುಂದೆ ಇಲ್ಲ.

ನಿನ್ನ ಪತ್ರವನ್ನು ಬಂದ ಕೂಡಲೇ ಓದಲಾಗುವುದಿಲ್ಲ. ಕಣದಲ್ಲಿ ಕೂತು ಬರೆಯುತ್ತೀ, ಕಾಗದದ ಮಡಿಕೆಯಲ್ಲಿ ಖಾರ ಕೂತಿರುತ್ತದೆ. ತಮ್ಮನ ಹೆಂಡತಿ ಅದನ್ನು ಝಾಡಿಸಿ, ಅಂಗಳದ ತಂತಿಗೆ ಬಟ್ಟೆಯ ಚಿಮಟಿಯಿಂದ ಸಿಕ್ಕಿಸಿ ಒಂದು ದಿನ ಗಾಳಿಗೆ ಬಿಡುತ್ತಾಳೆ. ನಾನು ಕಿಟಕಿಯ ಹತ್ತಿರ ಕೂತು ನೋಡುತ್ತಿರುತ್ತೇನೆ. ನಿನ್ನ ದಪ್ಪ ಅಕ್ಷರ ಕಾಣುತ್ತದೆ, ಏನು ಬರೆದಿದ್ದೀ ಎಂದು ತಿಳಿಯುವುದಿಲ್ಲ. ತಾಡಪತ್ರಿ ಬಿಗಿದೆ ಎಂದು ಬರೆದಿದ್ದೆಯಲ್ಲ, ಆ ಪತ್ರವೂ ಒಂದು ದಿನ ತಂತಿಯ ಮೇಲಿತ್ತು. ಬಂದ ದಿನವೇ ಓದಿದ್ದರೆ ಫಕ್ಕೀರಪ್ಪನ ಮಾಲು ಇನ್ನಷ್ಟು ಉಳಿಯುತ್ತಿತ್ತು. ನಾಲ್ಕು ದಿನದಿಂದ ಅದೇ ನನ್ನನ್ನು ಕೊರೆಯುತ್ತಿದೆ.

ಅಳಬೇಡ. ಮುಂದಿನ ತಿಂಗಳು ಮತ್ತೆ ಮಳೆ ಇದೆಯಂತೆ. ಮೆಡ್ಲೇರಿಯಿಂದ ಹಳೆಯ ಕಂಬಳಿ ತರಿಸಿದ್ದೇನೆ, ಮಲ್ಲೇಶಪ್ಪ ಬಸ್ಸಿನ ಮೇಲೆ ಹಾಕಿ ಕಳಿಸುತ್ತಾನೆ. ಫಕ್ಕೀರಪ್ಪನ ಮನೆಗೆ ನೀನೇ ಹೋಗು. ಈ ಸಲ ಹೀಗೆ ಮಾಡುತ್ತೇನೆ ಎಂದು ಕಂಬಳಿ ತೋರಿಸಿ ಹೇಳು. ಅವನು ಎರಡನೇ ಕೊಯ್ಲು ಕೊಡುತ್ತಾನೆ.

ನಿನ್ನ
ಪುಷ್ಪಾ


ಬ್ಯಾಡಗಿ
೧೯ ಜನವರಿ ೨೦೨೬

ಪುಷ್ಪಾ,

ಇದನ್ನು ಮನೆಯಲ್ಲಿ, ತಲೆಗೆ ಸ್ನಾನ ಮಾಡಿ, ಅಂಗಡಿಯಿಂದ ತಂದ ಹೊಸ ಹಾಳೆಯ ಮೇಲೆ ಬರೆಯುತ್ತಿದ್ದೇನೆ. ಬಂದ ಕೂಡಲೇ ಓದು. ನಿನ್ನ ಪತ್ರ ಓದಿದ ದಿನವೇ ಹೊರಟಿದ್ದೆ, ಖಾರದ ಮೈ ಹೊತ್ತು ನಿನ್ನ ಹತ್ತಿರ ಬರುವುದು ಹೇಗೆ ಎಂದು ಬಾಗಿಲಿನಿಂದಲೇ ತಿರುಗಿದೆ.

ನಿನ್ನ ಕಂಬಳಿ ಹೊತ್ತುಕೊಂಡು ಕಾಗಿನೆಲೆಗೆ ಹೋಗಿದ್ದೆ. ಫಕ್ಕೀರಪ್ಪ ತಲೆ ಎತ್ತದೆ ಹಗ್ಗ ಹೊಸೆಯುತ್ತ ಕೂತ. ಅವನ ಹೆಂಡತಿ ಕಂಬಳಿ ಮುಟ್ಟಿ ನೋಡಿ, "ಪುಷ್ಪಕ್ಕ ಕಳಿಸ್ಯಾಳಂದ್ರ ಕೊಡ್ರಿ" ಎಂದಳು. ನನಗಾಗಿ ಅಲ್ಲ, ನಿನಗಾಗಿ ಎರಡನೇ ಕೊಯ್ಲಿನ ಮಾಲು ಬಂತು. ಈ ಸಲ ತಪ್ಪಿದ್ದರೆ ಮೂರನೆಯ ಮಾತಿರಲಿಲ್ಲ.

ಕಳೆದ ವಾರ ಮಳೆ ಬಂದೇ ಬಂತು, ತೋರಿಕೆಗಲ್ಲ, ಖರೇ ಮಳೆ. ಎರಡು ಹಗಲು ಬಿಡದೆ ಸುರಿಯಿತು. ಥಂಡಿಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಕರೆಂಟು ಹೋಯಿತು, ಮಾರ್ಕೆಟ್ಟಿನ ವ್ಯಾಪಾರ ನಿಂತಿತು, ಲಾರಿಗಳು ನಿಂತಲ್ಲೇ ನಿಂತವು. ಕಾಲುವೆ ತುಂಬಿ ಹರಿಯಿತು, ರಾಶಿಯ ಕಡೆ ನೀರು ತಿರುಗಲಿಲ್ಲ. ಕಂಬಳಿ, ಗಳ, ಮೇಲೆ ತಾಡಪತ್ರಿ, ಎರಡು ಕಡೆ ಬಾಯಿ ತೆರೆದು, ಎಲ್ಲ ನೀನು ಹೇಳಿದ ಹಾಗೆ. ಮಳೆ ಸಣ್ಣಗಾದಾಗಲೆಲ್ಲ ಹೆಣ್ಣುಮಕ್ಕಳೆಲ್ಲ ಸೇರಿ ಒದ್ದೆ ಕಂಬಳಿ ತೆಗೆದು ಒಣಗಿದ್ದು ಹೊದಿಸಿದೆವು. ತಾಡಪತ್ರಿಯ ಆಚೆ ತುದಿಯನ್ನು ಚೌಡವ್ವ ಹಿಡಿದಳು. ಚೆನ್ನಾಗಿ ಹಿಡಿದಳು, ಆದರೆ ಬೈಯುವುದಿಲ್ಲ. ಎಲ್ಲದಕ್ಕೂ "ಹೂಂ ರೀ" ಅನ್ನುತ್ತಾಳೆ.

ಮೂರನೇ ದಿನ ಬಿಸಿಲು ಬಿತ್ತು. ಬಿಚ್ಚಿದರೆ ಕಾಯಿ ಕೆಂಪಗೆ ಇದ್ದವು. ಎಲ್ಲರೂ ನಕ್ಕರು, ಫಕ್ಕೀರಪ್ಪ ತಿನ್ನಲು ಮಂಡಾಳ ತರಿಸಿ ಹಂಚಿದ. ಸಂಜೆ ಅವರೆಲ್ಲ ಹೋದ ಮೇಲೆ ನಾನು ನಿನ್ನ ಖೋಲಿಯ ಹೊಸ್ತಿಲ ಮೇಲೆ ಕೂತೆ. ಉಳಿಯಿತು ಎಂದು ಯಾರಿಗೆ ಹೇಳಬೇಕೋ ಅವಳು ಅಲ್ಲಿರಲಿಲ್ಲ. ಮಾಲು ಕೆಟ್ಟ ದಿನ ನಾನು ಅತ್ತಿರಲಿಲ್ಲ, ಮಾಲು ಉಳಿದ ದಿನ ಅತ್ತುಬಿಟ್ಟೆ.

ಇನ್ನು ನೀನು ಕರೆದರೂ ಸರಿ, ಬಿಟ್ಟರೂ ಸರಿ, ನಾನೇ ಬರುತ್ತೇನೆ. ಮಾಲು ಚೀಲಕ್ಕೆ ತುಂಬಿದ ಮೇಲೆ ಹೊರಡುತ್ತೇನೆ.

ನಿನ್ನ
ಮೈಮುನಕ್ಕ


ಬ್ಯಾಡಗಿ
೧೨ ಫೆಬ್ರವರಿ ೨೦೨೬

ಪುಷ್ಪಾ,

ಮೊನ್ನೆ ನಿನ್ನಲ್ಲಿಗೆ ಬರುವ ಮುಂಚೆ ಎರಡು ದಿನ ಕಣಕ್ಕೆ ಕಾಲಿಟ್ಟಿರಲಿಲ್ಲ. ಸೀಗೆಕಾಯಿ ಹಚ್ಚಿ ತಲೆ ತಿಕ್ಕಿದೆ, ಉಗುರು ತೆಗೆಸಿದೆ, ಟ್ರಂಕಿನಲ್ಲಿದ್ದ ಉಡದ ಸೀರೆ ಉಟ್ಟೆ. ಬಸ್ಸಿನಲ್ಲಿ ಯಾರ ಪಕ್ಕದಲ್ಲಿ ಮೆಣಸಿನಕಾಯಿ ಚೀಲವಿರುತ್ತದೋ ಎಂದು ರೈಲಿಗೆ ಬಂದೆ. ಮದುವೆಗೂ ನಾನು ಇಷ್ಟು ಸಿಂಗಾರ ಮಾಡಿಕೊಂಡಿರಲಿಲ್ಲ.

ನೀನು ಬಾಗಿಲಿಗೆ ಬಂದು ಎರಡೂ ಕೈ ಹಿಡಿದುಕೊಂಡೆ. ಎಷ್ಟು ಸಣ್ಣಗಾಗಿದ್ದೀ ಎಂದು ನಾನು ಹೇಳುವಷ್ಟರಲ್ಲಿ ಕೆಮ್ಮು ಶುರುವಾಯಿತು. ನೀನು ಗೋಡೆ ಹಿಡಿದು ಬಗ್ಗಿದೆ, ತಮ್ಮನ ಹೆಂಡತಿ ಪಂಪು ಹಿಡಿದುಕೊಂಡು ಓಡಿಬಂದಳು. ಸುಧಾರಿಸಿಕೊಂಡ ಮೇಲೆ "ಥಂಡಿ ಗಾಳಿಗೆ ಬಂತು ಅಕ್ಕಾ, ನಿನ್ನಿಂದಲ್ಲ" ಎಂದೆ. ನಾನು ನಂಬಿದ ಹಾಗೆ ತಲೆಯಾಡಿಸಿದೆ. ಆಮೇಲೆ ನೀನು ಒಳಗೆ ಕುರ್ಚಿಯ ಮೇಲೆ, ನಾನು ಹೊರಗೆ ಕಟ್ಟೆಯ ಮೇಲೆ. ನಡುವೆ ಅಂಗಳ. ಬೀದಿಯವರಿಗೆಲ್ಲ ಕೇಳುವ ಹಾಗೆ ಕೂಗಿ ಕೂಗಿ ಮಾತಾಡಿದೆವು. ಹೇಳಬೇಕು ಎಂದುಕೊಂಡದ್ದು ಯಾವುದೂ ಕೂಗಿ ಹೇಳುವಂಥದ್ದಾಗಿರಲಿಲ್ಲ.

ಅದಕ್ಕೇ ಒಂದು ತೀರ್ಮಾನ ಮಾಡಿದ್ದೇನೆ. ಕಣದ ಜಾಗವನ್ನು ಗೋದಾಮಿಗೆ ಕೇಳುತ್ತಿದ್ದಾರೆ. ಈ ಹಂಗಾಮು ಮುಗಿದ ಮೇಲೆ ಕೊಟ್ಟುಬಿಡುತ್ತೇನೆ. ಖಾರ ನನ್ನ ಮೈಯಿಂದ ಪೂರ್ತಿ ಹೋದ ಮೇಲೆ ನಿನ್ನ ಹತ್ತಿರ ಬರುತ್ತೇನೆ. ವರ್ಷ ಹಿಡಿಯುತ್ತದೋ ಏನೋ. ಅಲ್ಲಿಯವರೆಗೆ ಬರುವುದಿಲ್ಲ. ನೀನು ಹಾಗೆ ಗೋಡೆ ಹಿಡಿದು ನಿಂತದ್ದನ್ನು ಇನ್ನೊಮ್ಮೆ ನೋಡಲು ನನ್ನಿಂದಾಗದು.

ನಿನ್ನ
ಮೈಮುನಕ್ಕ


ರಾಣೆಬೆನ್ನೂರು
೪ ಮಾರ್ಚ್ ೨೦೨೬

ಮೈಮುನಕ್ಕಾ,

ಕಣ ಕೊಡುವ ಮಾತು ಬಿಡು. ಅಷ್ಟು ಮಳೆಯಲ್ಲಿ ನಿಂತು ಉಳಿಸಿದ್ದು ಗೋದಾಮಿನವರಿಗೆ ಕೊಡಲಿಕ್ಕಾ? ಚೌಡವ್ವ ಬರುವ ಚಳಿಗಾಲಕ್ಕೆ ಬಂದು ಕೆಲಸ ಐತೇನ್ರಿ ಎಂದು ಕೇಳಿದರೆ ನೀನು ಏನು ಹೇಳುತ್ತೀ. ನಾನು ಕಳೆದುಕೊಂಡದ್ದನ್ನು ಅವಳಿಂದಲೂ ಕಿತ್ತುಕೊಳ್ಳಬೇಡ.

ಬರುವ ವರ್ಷದ ತಯಾರಿ ಈಗಲೇ ಶುರುಮಾಡು. ಕಂಬಳಿಗಳನ್ನು ಬಿಸಿಲಿಗೆ ಹಾಕಿ ಬೇವಿನ ಸೊಪ್ಪು ಇಟ್ಟು ಸುತ್ತಿಡು. ಗೋಡೆಯ ಮಗ್ಗುಲಿಗೆ ಕಟ್ಟೆ ಕಟ್ಟಿಸು. ನನ್ನ ಖೋಲಿ ಖಾಲಿ ಇಡಬೇಡ, ಮಳೆ ಬಂದಾಗ ಒಣಗಿದ ಚೀಲ ಅಲ್ಲಿಡು. ಹೆಣ್ಣುಮಕ್ಕಳೆಲ್ಲ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ನಕ್ಕರೆ ಬೈದು ಕಟ್ಟಿಸು. ನೀನೂ ಕಟ್ಟಿಕೋ. ಕೆಮ್ಮಿದವಳನ್ನು ಅವತ್ತೇ ದವಾಖಾನೆಗೆ ಕಳಿಸು.

ಅವತ್ತು ಥಂಡಿ ಗಾಳಿಗೆ ಕೆಮ್ಮು ಬಂತು ಎಂದೆನಲ್ಲ, ಅದು ಸುಳ್ಳು. ನಿನ್ನಿಂದಲೇ ಬಂತು. ನೀನು ಹೋದ ಮೇಲೂ ಎರಡು ದಿನ ಇತ್ತು. ಮೂರನೇ ದಿನ ನಿಂತಿತು. ಎದೆ ಹಗುರಾಯಿತು, ತಮ್ಮನ ಮನೆಯವರೆಲ್ಲ ಸಮಾಧಾನಪಟ್ಟರು. ನಾನು ಮಾತ್ರ ಇಡೀ ದಿನ ನೀನು ಕೂತಿದ್ದ ಕಟ್ಟೆಯನ್ನು ನೋಡುತ್ತ ಕೂತೆ. ನೀನು ಬಂದುಹೋದದ್ದರ ಕೊನೆಯ ಗುರುತೂ ಹೋಯಿತು ಎನ್ನಿಸಿತು.

ಇಲ್ಲಿ ಗಾಳಿ ಚೆನ್ನಾಗಿದೆ ಅಕ್ಕಾ. ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಇಂಥ ಗಾಳಿಯಲ್ಲಿ ನಾನು ಒಬ್ಬಳೇ ವರ್ಷಗಟ್ಟಲೆ ಉಸಿರಾಡಿ ಏನು ಮಾಡಲಿ.

ಈ ಸಲ ಯುಗಾದಿಯೂ ನಿನ್ನ ರಮಜಾನ್ ಹಬ್ಬವೂ ಒಂದೇ ವಾರದಲ್ಲಿ ಬಂದಿವೆ. ಔಷಧದ ಪಂಪು ಇನ್ನೊಂದು ತರಿಸಿ ಇಟ್ಟುಕೊಂಡಿದ್ದೇನೆ. ನೀನು ಬಾ.

ನಿನ್ನ
ಪುಷ್ಪಾ